ಕೆಂಪು ರಕ್ತಕಣದ ಆಕಾರ: ನೋಡುವ ವಿಧಾನದ ಚರಿತ್ರೆ

ಡೆಲ್ಫ್ಟ್ ಪಟ್ಟಣದ ಆಂಟೋನಿ ವಾನ್ ಲೇವೆನ್‌ಹುಕ್ 1674ರಲ್ಲಿ ಮನುಷ್ಯರ ರಕ್ತವನ್ನು ತಾನೇ ಉಜ್ಜಿ ಮಾಡಿದ ಮಸೂರದಿಂದ ನೋಡಿ, ಅದರಲ್ಲಿ ಕೆಂಪು ಗೋಲಗಳಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ ಮೇಲೆ, ಸುಮಾರು ನೂರು ವರ್ಷ ಮನುಷ್ಯರ ರಕ್ತಕಣ ಗುಂಡಗಿದೆಯೆಂಬ ಅಭಿಪ್ರಾಯವೇ ಬಹುಮಟ್ಟಿಗೆ ಚಾಲ್ತಿಯಲ್ಲಿತ್ತು. ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹ್ಯೂಸನ್ 1773ರಲ್ಲಿ ಇದನ್ನು ಅಲ್ಲಗಳೆದಾಗ ದೋಷವನ್ನು ಹುಡುಕಿದ್ದು ಮಸೂರದಲ್ಲಿ ಮಾತ್ರವಲ್ಲ, ಗಾಜಿನ ಮೇಲಿಟ್ಟ ಹನಿಯಲ್ಲಿಯೂ ಹೌದು. ರಕ್ತದಲ್ಲಿ ಕಣಗಳು ಒತ್ತೊತ್ತಾಗಿರುವುದರಿಂದ ಅದನ್ನು ತೆಳುಗೊಳಿಸದೆ ಒಂದೊಂದು ಕಣವನ್ನು ಬಿಡಿಯಾಗಿ ನೋಡಲಾಗದು; ಆದರೆ ತೆಳುಗೊಳಿಸಲು ನೀರು ಬೆರೆಸಿದರೆ ಚಪ್ಪಟೆಯಾದ ಕಣ ಕಣ್ಣೆದುರಿಗೇ ಉಬ್ಬಿ ಗುಂಡಾಗುತ್ತದೆಂದು ಕಂಡುಕೊಂಡ ಅವನು, ನೀರಿನ ಬದಲು ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವವನ್ನು, ಅಂದರೆ ಸೀರಮ್ಮನ್ನು, ಬಳಸಿದನು. ಆ ದ್ರವದಲ್ಲಿ ಉರುಳುತ್ತ ಮಗ್ಗುಲು ಬದಲಿಸಿದ ಕಣಗಳು ಅಂಚಿನ ಕಡೆಯಿಂದ ನಾಣ್ಯದಂತೆ ತೆಳ್ಳಗೆ ಕಂಡವು. ಇಷ್ಟು ಸರಳವಾದ ಉಪಾಯದಿಂದ ಇಷ್ಟು ದೊಡ್ಡ ತಪ್ಪು ತಿದ್ದಿಹೋದುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವೆಂದೇ ಹೇಳಬೇಕು.

ನೀರು ಬೆರೆಸಿದಾಗ ಕಣ ಉಬ್ಬಿ ಗುಂಡಾಗುವುದರ ಕಾರಣ ಸ್ಪಷ್ಟವಾಗಿದೆ. ಮನುಷ್ಯರ ಕೆಂಪುಕಣದ ಹೊರಪೊರೆಯ ವಿಸ್ತಾರ ಸುಮಾರು 140 ಚದರ ಮೈಕ್ರಾನ್, ಗಾತ್ರ ಸುಮಾರು 90 ಘನ ಮೈಕ್ರಾನ್. ಅಷ್ಟೇ ಪೊರೆ ಗೋಲವಾದರೆ ಸುಮಾರು 155 ಘನ ಮೈಕ್ರಾನ್ ತುಂಬಿಕೊಳ್ಳಬಲ್ಲದು. ಒಳಗಿನ ಲವಣಕ್ಕಿಂತ ಹೊರಗಿನ ಲವಣ ಕಡಿಮೆಯಾದರೆ ನೀರು ಒಳನುಗ್ಗಿ ಕಣ ಉಬ್ಬುತ್ತದೆ. ಹೆಚ್ಚಾದರೆ ನೀರು ಹೊರಬಿದ್ದು, ಕಣ ಸುಕ್ಕಿ ಮೈತುಂಬ ಮುಳ್ಳು ಮೂಡುತ್ತವೆ.

ವರ್ಣದೋಷ ನೀಗಿಸಿದ ಮಸೂರಗಳನ್ನು ಬಳಸಿ ಥಾಮಸ್ ಹಾಜ್ಕಿನ್ ಮತ್ತು ಜೋಸೆಫ್ ಜಾಕ್ಸನ್ ಲಿಸ್ಟರ್ 1827ರಲ್ಲಿ ಎರಡೂ ಮಗ್ಗುಲು ತಗ್ಗಾದ ಬಿಲ್ಲೆಯ ಚಿತ್ರವನ್ನು ದೃಢಪಡಿಸಿದರೂ ವಿವಾದ ಮುಗಿಯಲಿಲ್ಲ. 1902ರಲ್ಲಿ ಫ್ರಾಂಜ್ ವೈಡನ್‌ರೈಶ್ (ಮುಂದೆ ಪೀಕಿಂಗ್ ಮಾನವನ ಅಸ್ಥಿಗಳ ಅಧ್ಯಯನದಿಂದ ಹೆಸರಾದವನು ಇವನೇ) ಸಸ್ತನಿಗಳ ಕೆಂಪುಕಣದ ಸಹಜ ಆಕಾರ ಗಂಟೆಯಂಥದೆಂದು ವಾದಿಸಿದನು. ಈ ಹೊತ್ತಿಗೆ ಅಂಗಾಂಶವನ್ನು ಕೊಳೆಯದಂತೆ ರಾಸಾಯನಿಕಗಳಿಂದ ಗಟ್ಟಿಗೊಳಿಸುವ ಕ್ರಿಯೆ, ಅಂದರೆ ಸ್ಥಿರೀಕರಣ, ಪ್ರಯೋಗಾಲಯಗಳಲ್ಲಿ ರೂಢಿಯಾಗಿತ್ತು. ದ್ರಾವಣದ ಸಾಂದ್ರತೆ ಕೊಂಚ ತಗ್ಗಿದರೂ ಬಿಲ್ಲೆ ಬಟ್ಟಲಿನ ರೂಪ ತಾಳುವುದರಿಂದ, ಅಂಥ ಆಕಾರ ಕಂಡಾಗ ಅದು ದೇಹದಲ್ಲಿದ್ದದ್ದೋ ಸಿದ್ಧತೆಯಲ್ಲಿ ಬಂದದ್ದೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಆಲ್ಕೋಹಾಲಿನಲ್ಲಿ ನೀರು ಕಳೆದು ಮೇಣದಲ್ಲಿ ಹುದುಗಿಸಿ ಕತ್ತರಿಸಿದ ಅಂಗಾಂಶದಲ್ಲಿಯಂತೂ ಕಣಗಳು ಕುಗ್ಗಿರುತ್ತವೆ. ಕತ್ತಿ ಹಾಯ್ದ ಕೋನಕ್ಕೆ ತಕ್ಕಂತೆ ಒಂದೇ ಬಗೆಯ ಕಣ ಒಂದೆಡೆ ಉಂಗುರದಂತೆ, ಇನ್ನೊಂದೆಡೆ ನಡು ಸಣ್ಣಗಾದ ಪಟ್ಟಿಯಂತೆ ಕಾಣಬಹುದು.

ಗಾಜು ಕೂಡ ನಿರಪಾಯಕಾರಿಯಲ್ಲ. ಸೀರಮ್ ತೊಳೆದು ಉಪ್ಪುನೀರಿನಲ್ಲಿಟ್ಟ ಕಣಗಳು ಎರಡು ಗಾಜುಗಳ ನಡುವೆ ಮುಳ್ಳಾಗಿ, ಕೊನೆಗೆ ಗೋಲವಾಗುತ್ತವೆ. ಸೀರಮ್ಮಿನಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಇದನ್ನು ತಡೆಯುತ್ತದೆಂದು ಫರ್ಚ್‌ಗಾಟ್ ಮತ್ತು ಪಾಂಡರ್ 1940ರಲ್ಲಿ ತೋರಿಸಿದರು. ಹ್ಯೂಸನ್ ಸೀರಮ್ಮನ್ನು ಆರಿಸಿಕೊಂಡದ್ದು ಎಷ್ಟು ಸೂಕ್ತವಾಗಿತ್ತೆಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಇಂದಿಗೂ ರೋಗನಿದಾನ ಮಾಡುವವರು ಗಾಜಿನ ಮೇಲೆ ತೆಳ್ಳಗೆ ಹರಡಿದ ರಕ್ತದ ಲೇಪದಲ್ಲಿ ಮುಳ್ಳುಕಣ ಕಂಡರೆ, ರಕ್ತ ಹೆಪ್ಪುಗಟ್ಟದಂತೆ ಬೆರೆಸಿದ ಔಷಧಿಯಲ್ಲಿ ಮಾದರಿ ಬಹಳ ಹೊತ್ತು ನಿಂತಿತ್ತೇ ಎಂದು ಮೊದಲು ವಿಚಾರಿಸಿ, ಆಮೇಲೆ ಹೊಸ ರಕ್ತದ ಲೇಪವನ್ನು ನೋಡುತ್ತಾರೆ.