ಬಾವಿ ನೀರು ಕೆಟ್ಟರೆ ತೊಳೆಯೋರು ಯಾರು?

ಇವತ್ತಿನ ಸಂಚಿಕೆಯಲ್ಲಿ ಕೆಟ್ಟುಹೋದ ಅಂತರ್ಜಲವನ್ನು ಶುದ್ಧ ಮಾಡುವ ಕೆಲಸದ ಚರಿತ್ರೆ ನೋಡೋಣ.

ಎಕ್ಕಂಬಿ ಇರಲಿ, ಸಿದ್ದಾಪುರ, ಯಲ್ಲಾಪುರ ಇರಲಿ, ಚಿರೇಕಲ್ಲಿನ ನೆಲ ನಮಗೆ ಹೊಸದಲ್ಲ. ಇಂಥ ಕಡೆ ತೋಟದ ಬಸಿಗಾಲುವೆಯಲ್ಲಿ ಕೆಂಪು ಲೋಳೆ, ಅದರ ಮೇಲೆ ಎಣ್ಣೆಯಂಥ ಪದರ ಕಾಣೋದುಂಟು. ಒಂದು ಕಡ್ಡಿಯಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತೆ. ಗಾಜಿನ ಚೂರಿನ ಹಾಗೆ ಒಡೆದು ಬೇರೆ ಬೇರೆಯಾಗೇ ನಿಂತರೆ, ಅದು ಹೆಚ್ಚಾಗಿ ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ನೀರಲ್ಲಿ ಕರಗಿದ ಕಬ್ಬಿಣವನ್ನು ಅವು ತುಕ್ಕು ಮಾಡಿ ಹೊರಗೆ ಹಾಕ್ತವೆ, ಅದರಿಂದಲೇ ಬದುಕಿಗೆ ಬೇಕಾದ ಶಕ್ತಿ ಪಡೀತವೆ. ಇದನ್ನು 1888ರಲ್ಲಿ ವಿವರಿಸಿದವರು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ.

ಈ ಸೂಕ್ಷ್ಮಜೀವಿಗಳ ಹತ್ತಿರ ನಮ್ಮ ಹೊಲಸನ್ನೂ ತೊಳೆಸಬಹುದಾ? 1972ರಲ್ಲಿ ಅಮೆರಿಕದ ಆಂಬ್ಲರ್ ಎಂಬ ಊರಲ್ಲಿ ಕೊಳವೆ ಸೋರಿ ಪೆಟ್ರೋಲು ಅಂತರ್ಜಲ ಸೇರಿತ್ತು. ಮೇಲೆ ತೇಲುತ್ತಿದ್ದಷ್ಟನ್ನು ಪಂಪ್ ಹಾಕಿ ಎತ್ತಿದರು. ಮಣ್ಣಿಗೆ ಅಂಟಿದ್ದು ಬರಲಿಲ್ಲ. ಆಗ ತೈಲ ಕಂಪನಿಯ ವಿಜ್ಞಾನಿ ರಿಚರ್ಡ್ ರೇಮಂಡ್ ಹೊರಗಿನಿಂದ ಯಾವ ಜೀವಿಯನ್ನೂ ತರಲಿಲ್ಲ. ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳಿಗೆ ಗಾಳಿ, ಸಾರಜನಕ, ರಂಜಕ ಒದಗಿಸಿದರು. ತೋಟಕ್ಕೆ ಗೊಬ್ಬರ ಹಾಕಿದ ಹಾಗೇ ಅನ್ನಿ. ಅವು ಪೆಟ್ರೋಲು ತಿಂದು ಬೆಳೆದವು.

ಪೆಟ್ರೋಲನ್ನು ತಿಂದು ಮುಗಿಸಬಹುದು, ಲೋಹವನ್ನು ಮುಗಿಸೋಕಾಗಲ್ಲ. ಬೆಂಗಳೂರಿನ ಪೀಣ್ಯವನ್ನೇ ನೋಡಿ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಲೇಪನ ಹಾಕುವ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಆರನೇ ರೂಪದ ಕ್ರೋಮಿಯಂ ಸಿಕ್ಕಿದೆ. ಕುಡಿಯುವ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನೋದು ಭಾರತೀಯ ಮಾನಕ. ಆರನೇ ರೂಪ ವಿಷ, ನೀರಿನ ಜೊತೆ ಸುಲಭವಾಗಿ ಹರಿಯುತ್ತೆ. ಮೂರನೇ ರೂಪ ಅಷ್ಟು ಅಪಾಯದ್ದಲ್ಲ, ಬಹುಪಾಲು ಮಣ್ಣಿನಲ್ಲೇ ಕೂತುಬಿಡುತ್ತೆ. ಅಂದ ಮೇಲೆ ಮಾಡಬೇಕಾದ ಕೆಲಸ ಒಂದೇ: ಆರನ್ನು ಮೂರು ಮಾಡೋದು.

ರಾಸಾಯನಿಕದಿಂದ ಇದು ಬೇಗ ಆಗುತ್ತೆ. ಕಬ್ಬಿಣದ ಸಲ್ಫೇಟ್ ಬೆರೆಸಿದರೆ ಸಾಕು. ಆದ್ರೆ ನೆಲದಡಿ ಹರಡಿದ ವಿಷವನ್ನೆಲ್ಲ ಅದು ಮುಟ್ಟೋದು ಕಷ್ಟ, ಖರ್ಚೂ ಜಾಸ್ತಿ. ಬ್ಯಾಕ್ಟೀರಿಯಾಗಳೂ ಇದೇ ಕೆಲಸ ಮಾಡ್ತವೆ ಅಂತ 1977ರಲ್ಲಿ ಸೋವಿಯತ್ ವಿಜ್ಞಾನಿಗಳು ವರದಿ ಮಾಡಿದರು. ಅವರಿಗೆ ಆ ಜೀವಿ ಸಿಕ್ಕಿದ್ದು ಚರಂಡಿಯ ಕೆಸರಿನಲ್ಲಿ!

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಕ್ಯಾಲಿಫೋರ್ನಿಯಾದ ಹಿಂಕ್ಲಿಯಲ್ಲಿ. 1952ರಿಂದ 1966ರವರೆಗೆ ಅಲ್ಲಿನ ಅನಿಲ ಕಂಪನಿ ಕ್ರೋಮಿಯಂ ನೀರನ್ನು ಹೊಂಡಗಳಿಗೆ ಬಿಟ್ಟಿತ್ತು. ಊರವರು ಹೂಡಿದ ದಾವೆ 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. 'ಎರಿನ್ ಬ್ರೊಕೊವಿಚ್' ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು. ಸಿನಿಮಾ ಮುಗಿದ ಮೇಲಿನ ಕಥೆ ಬೇರೆ ಇದೆ. ನೆಲದಡಿಗೆ ಎಥೆನಾಲ್ ಬಿಟ್ಟು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಉಣ್ಣಿಸಿದರು. ಕೆಟ್ಟ ನೀರನ್ನೇ ಎತ್ತಿ ಕುದುರೆ ಮಸಾಲೆ ಮೇವಿನ ಹೊಲಕ್ಕೂ ಹರಿಸಿದರು. ಬೇರಿನ ಬುಡದ ಮಣ್ಣಲ್ಲೇ ಆರು ಮೂರಾಯಿತು. ಕೊಳೆ ಬಿಟ್ಟಿದ್ದು ಹದಿನಾಲ್ಕು ವರ್ಷ. ತೊಳೆಯುವ ಕೆಲಸ ಹಲವು ದಶಕಗಳದ್ದು.

ಹಾಗಾದ್ರೆ ನಮ್ಮಲ್ಲೂ ನೆಲಕ್ಕೆ ಬೆಲ್ಲದ ನೀರು ಬಿಟ್ಟರಾಯ್ತಲ್ಲ ಅನ್ಬಹುದು. ಅವಸರ ಬೇಡ. ಬ್ಯಾಕ್ಟೀರಿಯಾಗಳು ಉಂಡಂತೆಲ್ಲ ನೆಲದಡಿಯ ಆಮ್ಲಜನಕ ಖಾಲಿಯಾಗುತ್ತೆ. ಆಗ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರ್ತವೆ. ಚಿರೇಕಲ್ಲಿನಲ್ಲಂತೂ ಕಬ್ಬಿಣಕ್ಕೆ ಬರವಿಲ್ಲ. ಒಂದು ಬಾಧೆ ಕಳೆಯಲು ಹೋಗಿ ಇನ್ನೊಂದನ್ನು ಎಬ್ಬಿಸಿದ ಹಾಗಾದೀತು. ನೆಲ ನೋಡಿ, ನೀರು ಹರಿಯುವ ದಿಕ್ಕು ಅಳೆದು, ವರ್ಷಗಟ್ಟಲೆ ನೀರು ಪರೀಕ್ಷೆ ಮಾಡ್ತಾ ಮಾಡುವ ಕೆಲಸ ಇದು.

ಗ್ಯಾರೇಜಿನ ಹಳೇ ಎಣ್ಣೆ, ಔಷಧಿ ಹೊಡೆದು ತೊಳೆದ ಪಂಪಿನ ನೀರು ಮಣ್ಣಿಗೆ ಚೆಲ್ಲೋದಕ್ಕೆ ಒಂದು ನಿಮಿಷ ಸಾಕು. ಅದನ್ನು ಜೀರ್ಣಿಸಿಕೊಳ್ಳುವ ಜೀವಿಗಳು ನಮ್ಮ ಕಾಲಡಿಯಲ್ಲೂ ಇರಬಹುದು. ಆದ್ರೆ ಅವಕ್ಕೆ ಅವಸರ ಗೊತ್ತಿಲ್ಲ, ನಮಗೆ ನೀರು ನಾಳೆ ಬೆಳಿಗ್ಗೆಯೇ ಬೇಕು.