ಮ್ಯಾಟ್ರಿಕ್ ಫೇಲಾದವನಿಗೆ ಉಳಿದ ಇಂಗ್ಲಿಷ್

ನಮ್ಮ ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗರ ಬಾಯಲ್ಲಿ ‘ಮ್ಯಾಟ್ರಿಕ್ ಫೇಲ್’ ಅನ್ನುವುದು ಬೈಗುಳವಾಗಿರಲಿಲ್ಲ. ಅದೂ ಒಂದು ಓದೇ. ಹುಡುಗ ಮ್ಯಾಟ್ರಿಕ್‌ವರೆಗೆ ಹೋಗಿದ್ದಾನೆ, ಅಂದರೆ ಇಂಗ್ಲಿಷಿನಲ್ಲಿ ಬಂದ ಕಾಗದ ಓದಬಲ್ಲ, ಬಿಲ್ಲು ಬರೆಯಬಲ್ಲ, ನಂಬಿ ಗಲ್ಲಾದಲ್ಲಿ ಕೂರಿಸಬಹುದು ಎಂದು ಅರ್ಥ. ಪಾಸಾದವನು ಫೋರ್ಟಿನ ಯಾವುದೋ ಆಫೀಸಿನಲ್ಲಿ ಕ್ಲಾರ್ಕ್ ಆದ. ಫೇಲಾದವನು ಹೋಟೆಲಿನಲ್ಲೇ ಉಳಿದು ಮ್ಯಾನೇಜರನಾದ. ಇಬ್ಬರ ನಡುವೆ ನಿಂತಿದ್ದದ್ದು ಬಹಳ ಸಲ ಒಂದೇ ಒಂದು ಪೇಪರು. ಅದು ಇಂಗ್ಲಿಷ್ ಪೇಪರು.

ಈ ಪೇಪರಿಗೆ ಹುಡುಗರನ್ನು ತಯಾರು ಮಾಡುವ ಕೆಲಸಕ್ಕೆ ಈ ನಗರದಲ್ಲಿ ನೂರಾ ಅರವತ್ತು ವರ್ಷ ಮೀರಿದ ಚರಿತ್ರೆಯಿದೆ. ಯಾರು ಪಾಸಾದರು, ಎಷ್ಟು ಮಂದಿ ಪಾಸಾದರು ಎಂಬುದು ವರದಿಗಳಲ್ಲಿ ಸಿಗುತ್ತದೆ. ಫೇಲಾದವರಿಗೆ ಆ ಪಾಠದಿಂದ ಏನು ಸಿಕ್ಕಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಲೇಖನ ಅವರ ಬಗ್ಗೆ.

ಮೊದಲಿನಿಂದಲೇ ನೋಡೋಣ. ಮುಂಬಯಿ ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರ ಜುಲೈಯಲ್ಲಿ. ಎರಡು ವರ್ಷ ಕಳೆದು, 1859ರಲ್ಲಿ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಕೂತವರು 130ಕ್ಕೂ ಹೆಚ್ಚು, ಪಾಸಾದವರು ಇಪ್ಪತ್ತರ ಆಸುಪಾಸು. ಮುಂದೆ ನ್ಯಾಯಮೂರ್ತಿಗಳಾದ ಮಹಾದೇವ ಗೋವಿಂದ ರಾನಡೆಯವರು ಆ ಮೊದಲ ತಂಡದಲ್ಲಿದ್ದರು. ಅಂದರೆ ಆರು ಜನ ಕೂತರೆ ಐವರು ಫೇಲು! ಈ ಪರೀಕ್ಷೆ ಆರಂಭದಿಂದಲೂ ಕಲಿತದ್ದನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಜನರನ್ನು ಸೋಸುವುದಕ್ಕೆ ಇದ್ದದ್ದು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಕಾಲೇಜಿಗೆ ಬಾಗಿಲು ಇದೇ, ಸರಕಾರಿ ಕಚೇರಿಯ ಕೆಲಸಕ್ಕೂ ಇದೇ. ಹಾಗಾಗಿ ಹೈಸ್ಕೂಲು ಎಂದರೆ ಈ ಒಂದು ಬಾಗಿಲಿನ ಮುಂದಿನ ಸಾಲು ಎಂಬಂತಾಯಿತು.

ಧಾರವಾಡ, ಬೆಳಗಾವಿ, ವಿಜಾಪುರದವರೂ ಇದೇ ಸಾಲಿನಲ್ಲಿ ನಿಂತವರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕಾರವಾರದವರೂ ಬಂದು ಸೇರಿದರು. ದೇಶಭಾಷೆಗಳ ಗತಿ ಏನಾಯಿತೆಂದರೆ, 1860ರ ದಶಕದಲ್ಲಿ ಮ್ಯಾಟ್ರಿಕ್ ದಾಟಿದ ಮೇಲಿನ ಪರೀಕ್ಷೆಗಳಿಂದ ಅವು ಹೊರಬಿದ್ದವು. ಅವನ್ನು ಮತ್ತೆ ಒಳಗೆ ತರಲು ರಾನಡೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಎಂ.ಎ. ಪರೀಕ್ಷೆಯಲ್ಲಿ ಅವಕ್ಕೆ ಜಾಗ ಸಿಗುವ ಹೊತ್ತಿಗೆ ಅವರ ಆಯುಷ್ಯವೇ ಮುಗಿಯುತ್ತ ಬಂದಿತ್ತು. ಅವರು ತೀರಿಕೊಂಡದ್ದು 1901ರ ಜನವರಿಯಲ್ಲಿ.

ಬಾಗಿಲು ಒಂದೇ ಆದಾಗ ಅದನ್ನು ತೆರೆಯುವ ಕೀಲಿಕೈ ಮಾರುವವರೂ ಹುಟ್ಟುತ್ತಾರೆ. ಮರಾಠಿ ಮಕ್ಕಳ ಕೈಯಲ್ಲಿ ‘ತರ್ಖಡಕರ ಭಾಷಾಂತರ ಪಾಠಮಾಲೆ’ ಇರುತ್ತಿತ್ತು. ಒಂದು ನಿಯಮ, ನಾಲ್ಕು ಉದಾಹರಣೆ, ಆಮೇಲೆ ಈ ಭಾಷೆಯಿಂದ ಆ ಭಾಷೆಗೆ, ಆ ಭಾಷೆಯಿಂದ ಈ ಭಾಷೆಗೆ ವಾಕ್ಯಗಳ ತರ್ಜುಮೆ. ಮುಂಬಯಿಯಲ್ಲಿ ಬೆಳೆದು ಮರಾಠಿ ಬಲ್ಲ ಕನ್ನಡದ ಹುಡುಗರೂ ಅದನ್ನೇ ಎರವಲು ತಂದು ಓದುತ್ತಿದ್ದರು. ಆಮೇಲೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಬಂತು. ಈ ರೆನ್ ಸಾಹೇಬರು ಮುಂಬಯಿ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವರು. ಫ್ರೆಂಚ್ ದಂಡಿನ ಸಾಹಸದ ಕತೆಯಾದ ‘ಬೋ ಜೆಸ್ಟ್’ (1924) ಕಾದಂಬರಿ ಬರೆದವರೂ ಇವರೇ. ಕಾದಂಬರಿಯನ್ನು ನಮ್ಮಲ್ಲಿ ಓದಿದವರು ಕಡಿಮೆ. ವ್ಯಾಕರಣ ಮಾತ್ರ ಪರಿಷ್ಕರಣೆಗಳ ಮೇಲೆ ಪರಿಷ್ಕರಣೆ ಕಂಡು ಇವತ್ತಿಗೂ ಅಂಗಡಿಯಲ್ಲಿದೆ.

ಈಗ ನಮ್ಮ ಜನರ ಕಡೆಗೆ ಬರೋಣ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಹುಡುಗರು ಹೆಚ್ಚಿನವರು ನಾಲ್ಕನೆಯದೋ ಏಳನೆಯದೋ ಓದಿ, ಮುಂದೆ ಓದಿಸುವವರಿಲ್ಲದೆ ಹೊರಟು ಬಂದವರು. ಹಗಲು ಹೋಟೆಲು, ಕ್ಯಾಂಟೀನು, ಗಿರಣಿ. ಓದುವುದಿದ್ದರೆ ರಾತ್ರಿ ಮಾತ್ರ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿ ಉಚಿತ ರಾತ್ರಿ ಶಾಲೆ ತೆರೆಯಿತು. ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿತು. ಲೀಗ್ ಹುಟ್ಟುವ ಮೂರು ವರ್ಷ ಮೊದಲೇ ನಮ್ಮ ಕರಾವಳಿಯವರು ತಮ್ಮ ಹುಡುಗರಿಗೆ ದೀಪ ಹಚ್ಚಿ ಕೂರಿಸಿದ್ದರು ಎಂಬುದು ಹೆಮ್ಮೆಯ ಮಾತಲ್ಲವೇ? ಮುಂದೆ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು ಮೊದಲಾದವು ಬಂದವು.

ಸ್ವಾತಂತ್ರ್ಯದ ನಂತರ ಆಟದ ನಿಯಮವೇ ಬದಲಾಯಿತು. ಬಿ.ಜಿ. ಖೇರ್ ಅವರ ಸರಕಾರ ಐದರಿಂದ ಏಳನೆಯ ತರಗತಿವರೆಗಿನ ಇಂಗ್ಲಿಷನ್ನು ತೆಗೆದು, ಎಂಟನೆಯದರಿಂದ ಕಲಿಸಿದರೆ ಸಾಕು ಎಂದಿತು. ವಿಶ್ವವಿದ್ಯಾನಿಲಯದ ಮ್ಯಾಟ್ರಿಕ್ ಹೋಗಿ 1949ರಲ್ಲಿ ಬೋರ್ಡಿನ ಎಸ್ಸೆಸ್ಸಿ ಬಂತು. ಆಗ ಎಸ್ಸೆಸ್ಸಿ ಅಂದರೆ ಹನ್ನೊಂದನೆಯ ತರಗತಿ. ಎಬಿಸಿಡಿಯಿಂದ ಪರೀಕ್ಷೆಯ ಹಾಲಿನವರೆಗೆ ನಾಲ್ಕೇ ವರ್ಷ. ಉದ್ದೇಶ ಒಳ್ಳೆಯದೇ ಇತ್ತು, ಮಾತೃಭಾಷೆಗೆ ಬಲ ಬರಲಿ ಎಂದು. ಆದರೆ ಆಫೀಸುಗಳು ಕೆಲಸ ಕೊಡುವಾಗ ಇಂಗ್ಲಿಷ್ ಕೇಳುವುದನ್ನು ಬಿಡಲಿಲ್ಲ. ಇದ್ದವರು ಇಂಗ್ಲಿಷ್ ಮೀಡಿಯಂ ಕಡೆ ನೋಡಿದರು. 1954ರ ಜನವರಿಯಲ್ಲಿ ಸರಕಾರ ಅದಕ್ಕೂ ತಡೆ ಹಾಕಿ, ಆಂಗ್ಲೋ ಇಂಡಿಯನ್ ಮತ್ತು ಯುರೋಪಿಯನ್ನರಲ್ಲದ ಮಕ್ಕಳನ್ನು ಆ ಶಾಲೆಗಳಿಗೆ ಹೊಸದಾಗಿ ಸೇರಿಸಿಕೊಳ್ಳಬಾರದು ಎಂದು ಆಜ್ಞೆ ಹೊರಡಿಸಿತು. ದೇವಳಾಲಿಯ ಬಾರ್ನ್ಸ್ ಹೈಸ್ಕೂಲನ್ನು ನಡೆಸುತ್ತಿದ್ದ ಬಾಂಬೆ ಎಜುಕೇಶನ್ ಸೊಸೈಟಿ ಕೋರ್ಟಿಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದಿತು.

ದುಡ್ಡಿದ್ದವರಿಗೆ ದಾರಿ ತೆರೆಯಿತು. ರಾತ್ರಿ ಶಾಲೆಯವನಿಗೆ ಯಾವ ತೀರ್ಪೂ ಸಹಾಯಕ್ಕೆ ಬರಲಿಲ್ಲ. ಅವನ ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ದಕ್ಷಿಣ ಕನ್ನಡ 1956ರ ನವೆಂಬರ್‌ವರೆಗೆ ಮದ್ರಾಸಿನ ಕೆಳಗಿತ್ತು. ಅಲ್ಲಿಯ ಪಠ್ಯ ಓದಿ ಬಂದವನು ಒಬ್ಬ, ಮುಂಬಯಿ ಕಾರ್ಪೊರೇಶನ್ನಿನ ಕನ್ನಡ ಶಾಲೆಯಲ್ಲಿ ಓದಿದವನು ಇನ್ನೊಬ್ಬ, ಐದಾರು ವರ್ಷ ಪುಸ್ತಕ ಮುಟ್ಟದೆ ಈಗ ಮತ್ತೆ ಬಂದವನು ಮತ್ತೊಬ್ಬ. ಮೂವರೂ ಒಂದೇ ಬೆಂಚಿನಲ್ಲಿ. ದಿನಕ್ಕೆ ಹೆಚ್ಚೆಂದರೆ ಮೂರು ಗಂಟೆ ಪಾಠ, ಅದರಲ್ಲಿ ಎಲ್ಲ ವಿಷಯಗಳೂ ಆಗಬೇಕು. ಬೆಳಿಗ್ಗೆ ಐದಕ್ಕೆ ಎದ್ದು ದುಡಿದ ಕಣ್ಣು ಎಂಟು ಗಂಟೆಗೆ ತಾನಾಗಿ ಮುಚ್ಚುತ್ತಿತ್ತು.

ಇಂಥವರನ್ನು 35 ಅಂಕ ದಾಟಿಸುವುದು ಹೇಗೆ? ಮೇಷ್ಟ್ರುಗಳೂ ಬಹುಪಾಲು ಹಗಲು ಬೇರೆ ಕೆಲಸ ಮುಗಿಸಿ ಬಂದವರೇ. ಅವರು ಪ್ರಶ್ನೆಪತ್ರಿಕೆಯನ್ನು ವ್ಯಾಪಾರಿಯ ಕಣ್ಣಿನಲ್ಲಿ ನೋಡಿದರು: ಕಡಿಮೆ ಬಂಡವಾಳಕ್ಕೆ ಹೆಚ್ಚು ಅಂಕ ಎಲ್ಲಿದೆ? ಪತ್ರಲೇಖನದಲ್ಲಿ ವಿಳಾಸ, ತಾರೀಕು, ಒಕ್ಕಣೆ, ಸಹಿ ಸರಿಯಿದ್ದರೆ ಒಳಗಿನದು ಹೇಗಿದ್ದರೂ ಒಂದೆರಡು ಅಂಕ ಖಾತ್ರಿ. ಕೊಟ್ಟ ಗದ್ಯಭಾಗ ಓದಿ ಉತ್ತರಿಸುವುದರಲ್ಲಿ, ಪ್ರಶ್ನೆಯ ಶಬ್ದವನ್ನು ಗದ್ಯದಲ್ಲಿ ಹುಡುಕು, ಆ ಸಾಲನ್ನು ಇಳಿಸು. ವಾಕ್ಯ ಬದಲಾಯಿಸುವ ವ್ಯಾಕರಣಕ್ಕೆ ಲೆಕ್ಕದ ಸೂತ್ರದ ಹಾಗೆ ಸೂತ್ರ. ಪ್ರಬಂಧಕ್ಕೆ ನಾಲ್ಕು ಉರುಹೊಡೆದಿಟ್ಟರೆ ಒಂದು ಎಲ್ಲಾದರೂ ತಾಗುತ್ತದೆ. ಇದನ್ನು ಹಳಿಯುವುದು ಸುಲಭ. ಮುದಲಿಯಾರ್ ಆಯೋಗವೂ 1953ರ ವರದಿಯಲ್ಲಿ, ಪರೀಕ್ಷೆಯೇ ಪಾಠವನ್ನು ಆಳುತ್ತಿದೆ ಎಂದು ದೂರಿತು. ಆದರೆ ಪಾಸಾದರೆ ಬದುಕೇ ಬದಲಾಗುವ ಹುಡುಗನ ಎದುರು ನಿಂತ ಮೇಷ್ಟ್ರು ಇನ್ನೇನು ಮಾಡಬೇಕಿತ್ತು?

ಇಲ್ಲಿ ಮೈಕೆಲ್ ವೆಸ್ಟ್ ಎಂಬವರನ್ನು ನೆನೆಯಬೇಕು. ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದ ಇವರು 1926ರಲ್ಲಿ ಬಂಗಾಳದ ಮಕ್ಕಳ ಇಂಗ್ಲಿಷ್ ಕುರಿತು ದೊಡ್ಡ ವರದಿ ಬರೆದರು. ಅವರು ಬಳಸಿದ ಮಾತು ‘ಸರೆಂಡರ್ ವ್ಯಾಲ್ಯೂ’. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಗೊತ್ತಿರುವ ಮಾತೇ. ಕಂತು ಪೂರ್ತಿ ಕಟ್ಟಲಾಗದೆ ಮಧ್ಯದಲ್ಲಿ ಬಿಟ್ಟರೆ ಕೈಗೆ ಬರುವ ಹಣ. ಹೆಚ್ಚಿನ ಮಕ್ಕಳು ಮಧ್ಯದಲ್ಲೇ ಶಾಲೆ ಬಿಡುತ್ತಾರೆ ಎಂದ ಮೇಲೆ, ಯಾವ ವರ್ಷ ಬಿಟ್ಟರೂ ಅವರಿಗೆ ಏನಾದರೂ ಸಿಗುವ ಹಾಗೆ ಕಲಿಸಬೇಕು ಎಂಬುದು ಅವರ ವಾದ. ಅದಕ್ಕೆ ಅವರು ಆರಿಸಿದ್ದು ಓದುವುದನ್ನು. ಸ್ವಲ್ಪವೇ ಶಬ್ದಗಳಲ್ಲಿ ಬರೆದ ಸರಳ ಪುಸ್ತಕಗಳನ್ನು ಮಕ್ಕಳು ತಾವೇ ಓದಲಿ, ಅಷ್ಟು ಬಂದರೆ ಅದು ಕಡೆತನಕ ಉಳಿಯುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಬಾಯಿಪಾಠದ ಪ್ರಬಂಧದ ಸರೆಂಡರ್ ವ್ಯಾಲ್ಯೂ ಸೊನ್ನೆ. ಪರೀಕ್ಷೆ ಮುಗಿದ ಮರುದಿನ ಅದು ಹೋಯಿತು. ಪತ್ರದ್ದು ಹಾಗಲ್ಲ. ನನಗೆ ಪರಿಚಯವಿದ್ದ ಒಬ್ಬ ಹಿರಿಯ ಮೇಷ್ಟ್ರು, ಕಾಲ್ಪನಿಕ ಹೆಡ್‌ಮಾಸ್ಟರರಿಗೆ ರಜೆಯ ಅರ್ಜಿ ಬರೆಸುವ ಬದಲು, ಹುಡುಗರಿಂದ ಅವರವರ ಧಣಿಗೇ ರಜೆ ಕೇಳುವ ಅರ್ಜಿ ಬರೆಸುತ್ತಿದ್ದರು. ಗದ್ಯಭಾಗಕ್ಕೆ ಔಷಧಿ ಬಾಟಲಿಯ ಚೀಟಿ, ಬಾಡಿಗೆ ರಸೀದಿ, ರೈಲ್ವೆ ಪಾಸಿನ ಹಿಂದಿನ ನಿಯಮ. ಅಂಕಕ್ಕೂ ಆಯಿತು, ಊರಿನಿಂದ ಬಂದ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ದಾಗಲೂ ಆಯಿತು. ‘ಪಾಸಾಗುವುದು ಅವರವರ ಹಣೆಬರಹ ಮಾರಾಯ್ರೆ, ಓದಲು ಬರುವುದು ನನ್ನ ಜವಾಬ್ದಾರಿ’ ಎನ್ನುತ್ತಿದ್ದರು. ಅವರು ವೆಸ್ಟ್ ಸಾಹೇಬರ ಹೆಸರು ಕೇಳಿದವರಲ್ಲ.

ಇದೇ ದಾರಿಯ ಇನ್ನೊಂದು ದೊಡ್ಡ ಪ್ರಯೋಗ ನಮ್ಮ ಬೆಂಗಳೂರಿನದು. ಅಲ್ಲಿಯ ಇಂಗ್ಲಿಷ್ ಪ್ರಾದೇಶಿಕ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕಾಶೆ ಮುಂತಾದವನ್ನು ಕೊಟ್ಟು ಲೆಕ್ಕ ಬಿಡಿಸಿದಂತೆ ಬಿಡಿಸಲು ಹಚ್ಚಿದರು. ಗಮನ ಅರ್ಥದ ಮೇಲಿದ್ದರೆ ಭಾಷೆ ತಾನಾಗಿ ಕೂರುತ್ತದೆ ಎಂಬ ನಂಬಿಕೆ. ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಇದು ಜಗತ್ತಿನ ಭಾಷಾ ಶಿಕ್ಷಕರ ನಡುವೆ ಪ್ರಸಿದ್ಧವಾಯಿತು. ನಮ್ಮ ಬೋರ್ಡು ಪರೀಕ್ಷೆಗಳು ಮಾತ್ರ ಸೂತ್ರದ ವ್ಯಾಕರಣವನ್ನು ಬಿಡಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವುದೇ. ಮಹಾರಾಷ್ಟ್ರ ರಾಜ್ಯವಾದ ಮೇಲೆ ಇಂಗ್ಲಿಷ್ ಮತ್ತೆ ಐದನೆಯ ತರಗತಿಗೆ ಇಳಿಯಿತು. 1967ರಲ್ಲಿ ಬಾಲಭಾರತಿ ಹುಟ್ಟಿ ಕನ್ನಡವೂ ಸೇರಿ ಹಲವು ಮಾಧ್ಯಮಗಳಿಗೆ ಪಠ್ಯಪುಸ್ತಕ ಕೊಟ್ಟಿತು. 1975ರಲ್ಲಿ ಎಸ್ಸೆಸ್ಸಿ ಹತ್ತನೆಯ ತರಗತಿಗೆ ಬಂತು. 2000ದಿಂದ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಶುರು. ಖೇರ್ ಅವರ ಕಾಲದ ನಾಲ್ಕು ವರ್ಷ ಈಗ ಹತ್ತು ವರ್ಷವಾಗಿದೆ. ಅಷ್ಟರಲ್ಲಿ ನಮ್ಮವರ ಮಕ್ಕಳೇ ಇಂಗ್ಲಿಷ್ ಮೀಡಿಯಮ್ಮಿಗೆ ಹೋದರು, ಕನ್ನಡ ಶಾಲೆಗಳ ಬೆಂಚು ಖಾಲಿಯಾಗುತ್ತ ಬಂತು. ರಾತ್ರಿ ಶಾಲೆಗಳ ಜಾಗಕ್ಕೆ ಕೋಚಿಂಗ್ ಕ್ಲಾಸು, ಡೈಜೆಸ್ಟು ಬಂದವು. ಅವುಗಳ ಜಾಹೀರಾತಿನಲ್ಲಿ ತೊಂಬತ್ತು ದಾಟಿದವರ ಫೋಟೋ ಮಾತ್ರ ಇರುತ್ತದೆ.

ಆದರೂ 35 ದಾಟದವರು ಪ್ರತಿ ವರ್ಷವೂ ಇದ್ದಾರೆ. ರಿಸಲ್ಟ್ ಬಂದಾಗ ಅವರ ಬಗ್ಗೆ ಪೇಪರಿನಲ್ಲಿ ಬರುವುದಿಲ್ಲ ಅಷ್ಟೇ. ಹಿಂದಿನ ಮ್ಯಾಟ್ರಿಕ್ ಫೇಲಾದವನಿಗೆ ಒಂದು ಕಾಗದ ಓದುವಷ್ಟು ಇಂಗ್ಲಿಷ್ ಉಳಿದಿತ್ತು. ಅದರಿಂದಲೇ ಅವನು ಗಲ್ಲಾದಲ್ಲಿ ಕೂತ, ತಮ್ಮಂದಿರನ್ನು ಓದಿಸಿದ, ತಾನು ಕಲಿತ ರಾತ್ರಿ ಶಾಲೆಗೆ ದೇಣಿಗೆ ಕೊಟ್ಟ. ನಿಮ್ಮಲ್ಲಿ ಯಾರಾದರೂ ಈಗಲೂ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರೆ, ಪ್ರಶ್ನೆಪತ್ರಿಕೆ ಬಿಡಿಸುವುದನ್ನು ಖಂಡಿತ ಕಲಿಸಿ, ಅದು ಬೇಕು. ಜೊತೆಗೆ ದಿನಕ್ಕೊಂದು ಪುಟ ಅವರಾಗಿಯೇ ಓದಲಿ. ರಿಸಲ್ಟ್ ಏನೇ ಬರಲಿ, ಆ ಪುಟ ಅವರದಾಗಿಯೇ ಇರುತ್ತದೆ.