ಕಲ್ಲಿದ್ದಲಿಗೆ ದೊರೆತ ರಾಜಮನ್ನಣೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು 2009ರಲ್ಲಿ ತನ್ನ ನೆಲದ ಬಿಟುಮಿನಸ್ ಕಲ್ಲಿದ್ದಲನ್ನು ಅಧಿಕೃತ ರಾಜ್ಯಶಿಲೆಯೆಂದು ಅಂಗೀಕರಿಸಿತು. ಇದಕ್ಕಾಗಿ ಸಹಿ ಸಂಗ್ರಹಿಸಿದವಳು ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಎಂಬುದು ಮೇಷ್ಟರಾದ ನನಗೆ ಹಿಡಿಸಿದ ಸಂಗತಿ. ಯೂಟಾ 1991ರಲ್ಲಿ, ಕೆಂಟಕಿ 1998ರಲ್ಲಿ ಇಂಥ ಮನ್ನಣೆಯನ್ನು ನೀಡಿದ್ದವು.

ಆದರೆ ಆ ಇದ್ದಲಿಗೆ ತೆತ್ತ ಬೆಲೆಯೇನು? 1907ರ ಡಿಸೆಂಬರ್ 6ರಂದು ಮೊನೊಂಗಾ ಗಣಿಯ ಸ್ಫೋಟದಲ್ಲಿ 360ಕ್ಕೂ ಹೆಚ್ಚು ಮಂದಿ ಮಡಿದರು. ಅನೇಕರು ಹೊಟ್ಟೆಪಾಡಿಗೆಂದು ಇಟಲಿಯಿಂದ ಬಂದವರು. 1921ರಲ್ಲಿ ಸಂಘ ಕಟ್ಟುವ ಹಕ್ಕಿಗಾಗಿ ಸಾವಿರಾರು ಗಣಿಕಾರ್ಮಿಕರು ಬ್ಲೇರ್ ಪರ್ವತದಲ್ಲಿ ಬಂದೂಕನ್ನೇ ಹಿಡಿದರು. ಲಾಂಛನಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಈ ಭಾಗವನ್ನೂ ಹೇಳಬೇಕೆಂಬುದು ನನ್ನ ಮತ.

ಮನ್ನಣೆ ದೊರೆತ ಮರುವರ್ಷವೇ, 2010ರ ಏಪ್ರಿಲ್ 5ರಂದು, ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಮಂದಿ ಸತ್ತರು. ಮೀಥೇನ್ ಅನಿಲದೊಡನೆ ಅಲ್ಲಿ ಸಿಡಿದದ್ದು ಆ ರಾಜ್ಯಶಿಲೆಯ ಧೂಳೇ.